ಮೊದಲು ಹಾಡು, ಆಮೇಲೆ ಫೋನು

ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕು ಹದ ಮಾಡುವ ತಿಂಗಳುಗಳಲ್ಲಿ ಬ್ಯಾರನ್ ಮುಂದೆ ರಾತ್ರಿಯೆಲ್ಲ ಯಾರಾದರೊಬ್ಬರು ಎದ್ದಿರಲೇಬೇಕು. ಒಂದು ಸಲ ಏರಿಸಿದ ಸೊಪ್ಪು ಹದಕ್ಕೆ ಬರಲು ಐದಾರು ದಿನ ಬೇಕು. ಶಾಖ ಏರಿದರೂ ಕೆಟ್ಟಿತು, ಇಳಿದರೂ ಕೆಟ್ಟಿತು. ಆ ನಿದ್ದೆಗೆಟ್ಟ ರಾತ್ರಿಗಳಿಗೆ ಹಿಂದೆ ರೇಡಿಯೊ ಜೊತೆಗಿತ್ತು, ನಡುವೆ ಟೇಪ್‌ರೆಕಾರ್ಡರ್ ಬಂತು, ಈಗ ಮೊಬೈಲ್. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ, ಡಿ.ಬಿ. ಕುಪ್ಪೆ, ಬಾವಲಿ ಕಡೆಗೆ ಹೋದಂತೆ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಮಾಯವಾಗುತ್ತವೆ. ಅಲ್ಲಿ ಹಾಡು ಕೇಳಬೇಕೆಂದರೆ ಅದು ಫೋನಿನೊಳಗೇ ಇರಬೇಕು. ಹಾಗಾಗಿ ನಮ್ಮ ತಾಲ್ಲೂಕುಗಳಲ್ಲಿ ಮೆಮೊರಿ ಕಾರ್ಡಿಗೆ ಇನ್ನೂ ಬೆಲೆಯಿದೆ. ಬಸ್ ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿಗೆ ಕಾರ್ಡ್ ಕೊಟ್ಟು ಹಾಡು ತುಂಬಿಸಿಕೊಂಡು ಬರುತ್ತಿದ್ದ ಕಾಲದ ರಾಜ್‌ಕುಮಾರ್ ಹಾಡು, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರ ಭಾವಗೀತೆ, ಮಾದೇಶ್ವರನ ಕಥೆ, ಮಂಟೇಸ್ವಾಮಿ ಪದ ಎಲ್ಲವೂ ಅದರಲ್ಲಿ ಕಲಸಿಕೊಂಡು ಕೂತಿರುತ್ತವೆ.

ಈ ನಡುವೆ ಓದಿದ ಹುಡುಗರು, ಬೆಂಗಳೂರಿನಿಂದ ಊರಿಗೆ ಬಂದು ಹೋಗುವವರು ಇನ್ನೊಂದು ಮಾತು ಎತ್ತುತ್ತಿದ್ದಾರೆ: ನಮ್ಮ ಮಾಹಿತಿಯನ್ನು ಹೊರಗೆ ಸಾಗಿಸದ ಫೋನ್ ಬೇಕು. ಆಸೆ ಸರಿಯಾದದ್ದೇ. ತೊಡಕು ಇರುವುದು ಇಲ್ಲಿ: ಖಾಸಗಿತನದ ವಿಷಯದಲ್ಲಿ ಹೆಚ್ಚು ಹೆಸರು ಮಾಡಿರುವ ಗ್ರಾಫೀನ್ ಓಎಸ್ ಎಂಬ ಫೋನ್ ಕಾರ್ಯವ್ಯವಸ್ಥೆ ಸದ್ಯ ಹಾಕಿಕೊಳ್ಳಲು ಸಿಗುವುದು ಗೂಗಲ್ ಪಿಕ್ಸೆಲ್ ಫೋನುಗಳಿಗೆ. ಪಿಕ್ಸೆಲ್‌ನಲ್ಲಿ ಮೆಮೊರಿ ಕಾರ್ಡ್ ಹಾಕುವ ಜಾಗವೇ ಇಲ್ಲ. ಹೊಸ ಮಾಡೆಲ್‌ಗಳಲ್ಲಿ ಇಯರ್‌ಫೋನ್ ಚುಚ್ಚುವ ತೂತೂ ಇಲ್ಲ. ಎಫ್‌ಎಂ ರೇಡಿಯೊ ಕೂಡ ಇಲ್ಲ. ಮೈಸೂರು ಆಕಾಶವಾಣಿಯ 100.6ನ್ನಾಗಲಿ, ಸರಗೂರಿನ ಜನಧ್ವನಿಯನ್ನಾಗಲಿ ಅದರಲ್ಲಿ ನೇರವಾಗಿ ಹಿಡಿಯಲು ಬರುವುದಿಲ್ಲ. ಫೋನ್ ಬದಲಿಸಿದ ಮೇಲೆ ಹಾಡಿನ ಚಿಂತೆ ಮಾಡಿದರೆ ತಡವಾಗಿರುತ್ತದೆ. ಆದ್ದರಿಂದ ಈ ಲೇಖನದ ಕ್ರಮವೂ ಹಾಗೆಯೇ: ಮೊದಲು ಹಾಡು ಇಳಿಸಿಕೊಳ್ಳಿ, ಆಮೇಲೆ ಫೋನಿನ ಮಾತು.

ಹಾಡುಗಳು ಎಲ್ಲೆಲ್ಲಿ ಅಡಗಿವೆ

ಮೊದಲ ಜಾಗ ಕಾರ್ಡ್. ಅದನ್ನು ಕಿತ್ತು ಕಾರ್ಡ್ ರೀಡರ್ ಮೂಲಕ ಕಂಪ್ಯೂಟರಿಗೆ ಹಾಕಿ ನಕಲು ಮಾಡಿದರಾಯಿತು ಎನ್ನುವಂತಿಲ್ಲ. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಕೆಲವು ಫೋನುಗಳಲ್ಲಿ ಕಾರ್ಡನ್ನು 'ಇಂಟರ್ನಲ್ ಸ್ಟೋರೇಜ್' ಆಗಿ ಫಾರ್ಮ್ಯಾಟ್ ಮಾಡುವ ಅವಕಾಶ ಇದೆ. ಹಾಗೆ ಮಾಡಿದ ಕಾರ್ಡಿನ ಬೀಗದ ಕೈ ಆ ಫೋನಿನಲ್ಲೇ ಇರುತ್ತದೆ; ಹೊರಗೆ ತೆಗೆದರೆ ಬೇರೆ ಯಾವ ಯಂತ್ರವೂ ಅದನ್ನು ಓದುವುದಿಲ್ಲ. ಫೋನನ್ನು ರೀಸೆಟ್ ಮಾಡಿದಿರೋ, ಕಾರ್ಡಿನಲ್ಲಿದ್ದದ್ದೂ ಹೋಯಿತು. ಸೆಟ್ಟಿಂಗ್ಸ್‌ನ ಸ್ಟೋರೇಜ್ ಪುಟದಲ್ಲಿ ಕಾರ್ಡ್ ಬೇರೆಯಾಗಿ 'ಎಸ್‌ಡಿ ಕಾರ್ಡ್' ಎಂದು ಕಂಡರೂ ಅದು ಯಾವ ಬಗೆಯಲ್ಲಿದೆ ಎಂದು ನೋಡಿಕೊಳ್ಳಿ. ಅನುಮಾನವಿದ್ದರೆ ಕಾರ್ಡನ್ನು ಫೋನಿನಲ್ಲೇ ಬಿಟ್ಟು, ಯುಎಸ್‌ಬಿ ಕೇಬಲ್ ಹಾಕಿ 'ಫೈಲ್ ಟ್ರಾನ್ಸ್‌ಫರ್' ಆರಿಸಿ ಕಂಪ್ಯೂಟರಿಗೆ ಇಳಿಸಿ.

ಎರಡನೆಯ ಜಾಗ ವಾಟ್ಸಾಪ್. ನನ್ನ ಮಟ್ಟಿಗೆ ಇದೇ ಮುಖ್ಯ. ಸಿನಿಮಾ ಹಾಡು ಕಳೆದರೆ ಇನ್ನೊಂದು ಕಡೆ ಸಿಗುತ್ತದೆ. ಮದುವೆಯ ಚಪ್ಪರದಲ್ಲಿ ಅಜ್ಜಿ ಹೇಳಿದ ಸೋಬಾನೆ, ಜಾತ್ರೆಯಲ್ಲಿ ನೀಲಗಾರರು ರಾತ್ರಿ ಕೂತು ಹಾಡಿದ್ದು, ಹಾಡಿಯಲ್ಲಿ ಜೇನುಕುರುಬ ಹಿರಿಯರ ಹಾಡು ಯಾರೋ ಒಬ್ಬರ ಫೋನಿನಲ್ಲಿ ರೆಕಾರ್ಡ್ ಆಗಿ, ಗುಂಪಿಗೆ ಹೋಗಿ, ಅಲ್ಲೇ ಉಳಿದಿರುತ್ತವೆ. ಅವುಗಳಿಗೆ ಬೇರೆ ಪ್ರತಿ ಇರುವುದಿಲ್ಲ. ಫೈಲ್ ಮ್ಯಾನೇಜರ್ ತೆರೆದು ಆಂಡ್ರಾಯ್ಡ್, ಅದರೊಳಗೆ ಮೀಡಿಯಾ, ಅದರೊಳಗೆ ವಾಟ್ಸಾಪ್ ಫೋಲ್ಡರ್ ಹಿಡಿದು ಹೋದರೆ 'ವಾಟ್ಸಾಪ್ ಆಡಿಯೊ', 'ವಾಟ್ಸಾಪ್ ವಾಯ್ಸ್ ನೋಟ್ಸ್' ಎಂಬ ಎರಡು ಫೋಲ್ಡರ್ ಸಿಗುತ್ತವೆ. ವಾಯ್ಸ್ ನೋಟ್‌ಗಳು ಮ್ಯೂಸಿಕ್ ಪ್ಲೇಯರಿಗೆ ಕಾಣದಂತೆ ಇರುತ್ತವೆ, ಅದಕ್ಕೇ ಎಷ್ಟೋ ಜನಕ್ಕೆ ಅವು ಇರುವುದೇ ಗೊತ್ತಿಲ್ಲ. ಎರಡನ್ನೂ ಪೂರ್ತಿ ನಕಲು ಮಾಡಿಕೊಳ್ಳಿ. ಆಮೇಲೆ ಬಿಡುವಾಗಿ ಕೂತು, 'ಊಟಕ್ಕೆ ಬಾ' ಎಂಬಂಥವನ್ನು ಅಳಿಸಿ, ಹಾಡಿರುವವಕ್ಕೆ ಹೆಸರಿಡಿ: ಯಾರು ಹಾಡಿದ್ದು, ಯಾವ ಊರು, ಯಾವ ವರ್ಷ. ಈ ಕೆಲಸ ಮನೆಯ ಹಿರಿಯರು ಇರುವಾಗಲೇ ಆಗಬೇಕು; ದನಿ ಯಾರದೆಂದು ಗುರುತು ಹಿಡಿಯುವವರು ಅವರೇ.

ಮೂರನೆಯದು ಹಾಡಿನ ಆ್ಯಪ್‌ಗಳಲ್ಲಿ 'ಡೌನ್‌ಲೋಡ್' ಮಾಡಿಟ್ಟದ್ದು. ಅದನ್ನು ನಿಮ್ಮದೆಂದು ಲೆಕ್ಕಕ್ಕೆ ಹಿಡಿಯಬೇಡಿ. ಆ್ಯಪ್ ಇರುವವರೆಗೆ, ಚಂದಾ ಕಟ್ಟುವವರೆಗೆ ಮಾತ್ರ ಅದು ನುಡಿಯುತ್ತದೆ. ಬೇರೆ ಫೋನಿಗೆ ಫೈಲಾಗಿ ಬರುವುದಿಲ್ಲ. ಗೂಗಲ್ ಪ್ಲೇ ಮ್ಯೂಸಿಕ್ 2020ರ ಕೊನೆಯಲ್ಲಿ ಮುಚ್ಚಿತು, ಜನ ತಾವೇ ಏರಿಸಿಟ್ಟಿದ್ದ ಹಾಡುಗಳನ್ನು ಇಳಿಸಿಕೊಳ್ಳಲು 2021ರ ಫೆಬ್ರುವರಿ 24ರ ಗಡುವು ಕೊಟ್ಟು ಆಮೇಲೆ ಅಳಿಸಿತು. ರೆಸ್ಸೊ 2024ರ ಜನವರಿ 31ಕ್ಕೆ ಭಾರತದಲ್ಲಿ ನಿಂತಿತು. ಅದೇ ವರ್ಷ ಏರ್‌ಟೆಲ್ ವಿಂಕ್ ಮ್ಯೂಸಿಕ್ ಕೂಡ ಬಾಗಿಲು ಹಾಕಿತು. ಇಂಥ ಆ್ಯಪ್‌ಗಳಲ್ಲಿ ನಿಮಗೆ ಬೇಕಾದ ಹಾಡುಗಳ ಪಟ್ಟಿಯನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಅಷ್ಟೇ ನಿಮ್ಮ ಕೈಯಲ್ಲಿರುವುದು.

ಮನೆಯ ಅಟ್ಟದಲ್ಲಿ ಕ್ಯಾಸೆಟ್ ಇದ್ದರೆ ಅದನ್ನೂ ಈಗಲೇ ಕೆಳಗಿಳಿಸಿ. ಕೊಡಗಿನ ಅಂಚಿನ ಈ ಸೀಮೆಯ ಮಳೆಗಾಲದ ತೇವಕ್ಕೆ ಟೇಪಿನ ಮೇಲೆ ಬೂಷ್ಟು ಹಿಡಿಯುವುದು ಮಾಮೂಲು. ಬಿಳಿ ಚುಕ್ಕೆ ಕಂಡ ಕ್ಯಾಸೆಟ್ಟನ್ನು ನೇರವಾಗಿ ನುಡಿಸಬೇಡಿ, ಹೆಡ್ಡಿಗೆ ಅಂಟಿ ಬೇರೆ ಕ್ಯಾಸೆಟ್‌ಗೂ ಹರಡುತ್ತದೆ. ಚೆನ್ನಾಗಿರುವುದನ್ನು ಒಮ್ಮೆ ಕೊನೆತನಕ ಓಡಿಸಿ ಹಿಂದಕ್ಕೆ ಸುತ್ತಿ, ಟೇಪ್‌ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್-ಇನ್ ಅಥವಾ ಮೈಕ್ ತೂತಿಗೆ ಆಕ್ಸ್ ಕೇಬಲ್ ಹಾಕಿ, ಅಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿ. ಒಂದು ಗಂಟೆಯ ಕ್ಯಾಸೆಟ್ ಇಳಿಸಲು ಒಂದು ಗಂಟೆಯೇ ಬೇಕು, ಅಡ್ಡದಾರಿ ಇಲ್ಲ. ಸಂಕುಚಿಸದ ವೇವ್ ಫೈಲಾದರೆ ಗಂಟೆಗೆ ಸುಮಾರು 600 ಎಂಬಿ ಆಗುತ್ತದೆ; ಫ್ಲ್ಯಾಕ್ ರೂಪದಲ್ಲಿ ಉಳಿಸಿದರೆ ಗುಣಮಟ್ಟ ಕಳೆಯದೆ ಅದರ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಫ್ಲ್ಯಾಕ್ ಪ್ರತಿಯನ್ನು ಜೋಪಾನವಾಗಿಟ್ಟು, ದಿನಬಳಕೆಗೆ ಎಂಪಿ3 ಮಾಡಿಕೊಳ್ಳಿ.

ಎಷ್ಟು ಜಾಗ, ಎಲ್ಲಿ ಜಾಗ

128 ಕೆಬಿಪಿಎಸ್ ಎಂಪಿ3 ಫೈಲು ನಿಮಿಷಕ್ಕೆ ಸುಮಾರು ಒಂದು ಎಂಬಿ ತಿನ್ನುತ್ತದೆ, 320 ಕೆಬಿಪಿಎಸ್ ಆದರೆ ಸುಮಾರು ಎರಡೂವರೆ. ಐದು ನಿಮಿಷದ ಸಾವಿರ ಹಾಡಿಗೆ ಮೊದಲನೆಯ ಲೆಕ್ಕದಲ್ಲಿ 5 ಜಿಬಿ, ಎರಡನೆಯದರಲ್ಲಿ 12 ಜಿಬಿ. ಕಾರ್ಡ್ ಹಾಕಲಾಗದ 128 ಜಿಬಿ ಫೋನಿನಲ್ಲೂ ಎಂಪಿ3 ಸಂಗ್ರಹ ಸಲೀಸಾಗಿ ಕೂರುತ್ತದೆ ಎಂದಾಯಿತು. ಜಾಗ ನುಂಗುವುದು ಹಾಡಲ್ಲ, ವಾಟ್ಸಾಪ್ ವಿಡಿಯೊ. ಫ್ಲ್ಯಾಕ್ ಮೂಲಪ್ರತಿಗಳನ್ನು ಫೋನಿನಲ್ಲಿ ಹೊತ್ತು ತಿರುಗುವ ಅಗತ್ಯ ಯಾರಿಗೂ ಇಲ್ಲ.

ಸಂಗ್ರಹದ ಎರಡು ಪ್ರತಿ ಇರಲಿ, ಎರಡೂ ಒಂದೇ ಸೂರಿನಡಿ ಬೇಡ. ಒಂದು ಹಾರ್ಡ್‌ಡಿಸ್ಕ್ ಮನೆಯಲ್ಲಿ, ಇನ್ನೊಂದು ಮೈಸೂರಿನಲ್ಲಿರುವ ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ. ಪೆನ್‌ಡ್ರೈವ್, ಮೆಮೊರಿ ಕಾರ್ಡ್‌ಗಳನ್ನು ವರ್ಷಗಟ್ಟಲೆ ಬಳಸದೆ ಪೆಟ್ಟಿಗೆಯಲ್ಲಿಟ್ಟರೆ ಮಾಹಿತಿ ಅಳಿಯುವ ಸಾಧ್ಯತೆ ಇದೆ, ಅವನ್ನೇ ನಂಬಿ ಕೂರಬೇಡಿ. ಸಂತೆಯಲ್ಲಿ, ಆನ್‌ಲೈನಿನಲ್ಲಿ ನಂಬಲಾಗದಷ್ಟು ಅಗ್ಗಕ್ಕೆ ಸಿಗುವ ದೊಡ್ಡ ಕಾರ್ಡುಗಳಲ್ಲಿ ನಕಲಿ ಬಹಳ. ಮೇಲೆ 512 ಜಿಬಿ ಎಂದು ಬರೆದಿದ್ದರೂ ಒಳಗೆ 16 ಇರಬಹುದು; ತುಂಬಿದ ಮೇಲೆ ಬಂದದ್ದು ಹಳೆಯದರ ಮೇಲೇ ಬರೆದುಕೊಂಡು ಎರಡೂ ಕೆಡುತ್ತವೆ. ವಿಂಡೋಸ್ ಕಂಪ್ಯೂಟರಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯು ಎಂಬ ಪುಟ್ಟ ಉಚಿತ ತಂತ್ರಾಂಶ ಓಡಿಸಿದರೆ ಬಣ್ಣ ಬಯಲಾಗುತ್ತದೆ. ಹೊಸ ಕಾರ್ಡಿಗೆ ಈ ಪರೀಕ್ಷೆ ಮಾಡದೆ ಹಾಡು ತುಂಬಬೇಡಿ.

ಟ್ರ್ಯಾಕ್ಟರ್, ಆಟೊದ ಸ್ಟೀರಿಯೊಗೆ ಒಂದು ಪೆನ್‌ಡ್ರೈವ್ ಬೇರೆಯೇ ಇರಲಿ. ಅದು ಫ್ಯಾಟ್32 ಫಾರ್ಮ್ಯಾಟಿನಲ್ಲಿರಬೇಕು, ಹಾಡು ಎಂಪಿ3 ಆಗಿರಬೇಕು. ಕನ್ನಡ ಲಿಪಿಯ ಹೆಸರನ್ನು ಅಗ್ಗದ ಸ್ಟೀರಿಯೊಗಳು ಚೌಕ ಚೌಕವಾಗಿ ತೋರಿಸುತ್ತವೆ, ಹಾಡೇನೋ ನುಡಿಯುತ್ತದೆ. ಫೋನಿನಲ್ಲಿ ಆ ತೊಂದರೆ ಇಲ್ಲ, ಹೆಸರುಗಳನ್ನು ಧೈರ್ಯವಾಗಿ ಕನ್ನಡದಲ್ಲೇ ಇಡಿ.

ಫೋನಿನಿಂದ ಫೋನಿಗೆ ಹಾಡು ದಾಟಿಸಲು ಇನ್ನೂ ಶೇರ್‌ಇಟ್, ಕ್ಸೆಂಡರ್ ಹುಡುಕುವವರಿದ್ದಾರೆ. ಕೇಂದ್ರ ಸರ್ಕಾರ 2020ರ ಜೂನ್ 29ರಂದು ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಟಿಕ್‌ಟಾಕ್ ಜೊತೆ ಇವೆರಡೂ ಸೇರಿದ್ದವು. ಯಾರೋ ಕಳುಹಿಸಿದ ಹಳೆಯ ಪ್ರತಿಯನ್ನು ಹಾಕಿಕೊಳ್ಳುವುದು ಬೇಡ. ಲೋಕಲ್‌ಸೆಂಡ್ ಎಂಬ ಮುಕ್ತ ಆ್ಯಪ್ ಅದೇ ಕೆಲಸ ಮಾಡುತ್ತದೆ: ಒಂದು ಫೋನಿನ ಹಾಟ್‌ಸ್ಪಾಟ್‌ಗೆ ಇನ್ನೊಂದನ್ನು ಸೇರಿಸಿದರೆ ಸಾಕು, ಇಂಟರ್‌ನೆಟ್ ಬೇಕಿಲ್ಲ, ಜಾಹೀರಾತಿಲ್ಲ, ಖಾತೆ ತೆರೆಯುವ ಕಾಟವಿಲ್ಲ. ಕಂಪ್ಯೂಟರಿಗೂ ಸಿಗುತ್ತದೆ.

ಇರುವ ಫೋನಿನಲ್ಲೇ ಅರ್ಧ ದಾರಿ

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ನಮ್ಮವರೇ. ಹಕ್ಕು ಕಾಗದದ ಮೇಲಿದೆ. ಫೋನಿನಲ್ಲಿ ಅದನ್ನು ಚಲಾಯಿಸುವವರು ಕಡಿಮೆ.

ನಮ್ಮ ಕಡೆ ಹೆಚ್ಚಾಗಿ ಮಾಹಿತಿ ಸೋರುವುದು ಯಾವುದೋ ದೂರದ ಗೂಢಚಾರರಿಂದಲ್ಲ. ಬಿತ್ತನೆ ಕಾಲಕ್ಕೆ ಕೈ ಸಾಲದಾದಾಗ ತೆಗೆದುಕೊಂಡ ಆನ್‌ಲೈನ್ ಸಾಲದ ಆ್ಯಪ್ ಮೊದಲ ಬಾಗಿಲು. ಫೋನಿನಲ್ಲಿರುವ ನಂಬರುಗಳನ್ನೆಲ್ಲ ಎತ್ತಿಕೊಂಡು, ಕಂತು ತಪ್ಪಿದರೆ ನೆಂಟರಿಗೆ ಫೋನ್ ಮಾಡಿ ಮಾನ ಕಳೆಯುವ ಆ್ಯಪ್‌ಗಳ ಹಾವಳಿ ಹೆಚ್ಚಾದ ಮೇಲೆ ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿತು: ಸಾಲದ ಆ್ಯಪ್ ಕಾಂಟ್ಯಾಕ್ಟ್ಸ್, ಕಾಲ್ ಲಾಗ್, ಫೈಲ್‌ಗಳನ್ನು ಮುಟ್ಟುವಂತಿಲ್ಲ. ಕೇಳಿದರೆ ಅದು ಕಳ್ಳ ಆ್ಯಪ್ ಎಂದು ತಿಳಿಯಿರಿ. ಎರಡನೆಯ ಬಾಗಿಲು ವಾಟ್ಸಾಪಿನಲ್ಲಿ ಬರುವ ಎಪಿಕೆ ಫೈಲು. ಮದುವೆ ಕರೆಯೋಲೆ, ಪಿಎಂ ಕಿಸಾನ್ ಕಂತು, ವಾಹನದ ದಂಡದ ರಸೀದಿ ಎಂದೆಲ್ಲ ಹೆಸರಿಟ್ಟುಕೊಂಡು ಬರುತ್ತದೆ. ಒತ್ತಿದರೆ ಮೆಸೇಜ್ ಓದುವ ಆ್ಯಪ್ ಕೂತು ಓಟಿಪಿ ಕದಿಯುತ್ತದೆ. ಕರೆಯೋಲೆ ಚಿತ್ರವಾಗಿ ಅಥವಾ ಪಿಡಿಎಫ್ ಆಗಿ ಬರುತ್ತದೆ, ಹಾಡು ಎಂಪಿ3 ಅಥವಾ ಎಂ4ಎ ಆಗಿ ಬರುತ್ತದೆ. ಇವೆರಡೂ ಎಪಿಕೆ ಆಗಿ ಬರುವುದಿಲ್ಲ. ಹಣ ಹೋಗಿದ್ದು ಗೊತ್ತಾದ ತಕ್ಷಣ 1930ಕ್ಕೆ ಕರೆ ಮಾಡಿ. ಬೆಳಿಗ್ಗೆ ನೋಡೋಣ ಎನ್ನಬೇಡಿ.

ಹೊಸ ಫೋನಿಗೆ ದುಡ್ಡು ಹಾಕುವ ಮುಂಚೆ ಇರುವ ಫೋನಿನಲ್ಲಿ ಇಷ್ಟು ಮಾಡಿ. ಸೆಟ್ಟಿಂಗ್ಸ್‌ನ ಪ್ರೈವೆಸಿಗೆ ಹೋಗಿ ಪರ್ಮಿಷನ್ ಮ್ಯಾನೇಜರ್ ತೆರೆಯಿರಿ. ಮೈಕ್, ಲೊಕೇಶನ್, ಕಾಂಟ್ಯಾಕ್ಟ್ಸ್, ಎಸ್‌ಎಂಎಸ್ ಈ ನಾಲ್ಕರಲ್ಲಿ ಯಾವ ಯಾವ ಆ್ಯಪ್‌ಗೆ ಅನುಮತಿ ಇದೆ ನೋಡಿ, ಕಾರಣ ತೋಚದ್ದನ್ನು ತೆಗೆಯಿರಿ. ಗೂಗಲ್ ಸೆಟ್ಟಿಂಗ್ಸ್‌ನ ಆ್ಯಡ್ಸ್ ಪುಟದಲ್ಲಿ 'ಡಿಲೀಟ್ ಅಡ್ವರ್ಟೈಸಿಂಗ್ ಐಡಿ' ಒತ್ತಿ. ಕೀಬೋರ್ಡ್ ಬಗ್ಗೆ ಯಾರೂ ಯೋಚಿಸುವುದಿಲ್ಲ, ನೀವು ಒತ್ತುವ ಪ್ರತಿ ಅಕ್ಷರ ಹಾದುಹೋಗುವುದು ಅದರ ಮೂಲಕವೇ. ಎಲ್ಲಿಂದಲೋ ಬಂದ, ಬಣ್ಣಬಣ್ಣದ ಕನ್ನಡ ಕೀಬೋರ್ಡ್ ತೆಗೆದು ಇಂಡಿಕ್ ಕೀಬೋರ್ಡ್‌ನಂಥ ಮುಕ್ತ ತಂತ್ರಾಂಶ ಬಳಸಿ; ಕೇರಳದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದ ಕೆಲಸ ಅದು, ಕನ್ನಡವೂ ಚೆನ್ನಾಗಿದೆ.

ಹಾಡು ನುಡಿಸುವ ಆ್ಯಪನ್ನೂ ಬದಲಿಸಿ. ಲೊಕೇಶನ್, ಕಾಂಟ್ಯಾಕ್ಟ್ಸ್ ಕೇಳುವ ಮ್ಯೂಸಿಕ್ ಪ್ಲೇಯರಿಗೆ ಅದರಿಂದ ಏನು ಕೆಲಸ? ಮ್ಯೂಸಿಕೊಲೆಟ್ ಇಂಟರ್‌ನೆಟ್ ಅನುಮತಿಯನ್ನೇ ಕೇಳುವುದಿಲ್ಲ, ಹಾಗಾಗಿ ನೀವು ಏನು ಕೇಳಿದಿರಿ ಎಂದು ಹೊರಗೆ ಹೇಳುವ ದಾರಿಯೇ ಅದಕ್ಕಿಲ್ಲ. ಮುಕ್ತ ತಂತ್ರಾಂಶವೇ ಬೇಕೆಂದರೆ ಆಕ್ಸಿಯೊ ಅಥವಾ ವಿಎಲ್‌ಸಿ. ಆಂಡ್ರಾಯ್ಡ್ 13ರಿಂದೀಚೆಗೆ 'ಮ್ಯೂಸಿಕ್ ಆ್ಯಂಡ್ ಆಡಿಯೊ' ಅನುಮತಿ ಬೇರೆ ಇದೆ, ಫೋಟೊ ಮುಟ್ಟಲು ಬಿಡದೆ ಹಾಡಿಗೆ ಮಾತ್ರ ಅವಕಾಶ ಕೊಡಬಹುದು. ಎಷ್ಟು ಹೊತ್ತಿಗೆ, ಎಲ್ಲಿ ಕೂತು, ಯಾವ ಹಾಡನ್ನು ಎಷ್ಟು ಸಲ ಕೇಳಿದಿರಿ ಎಂಬುದನ್ನು ಸ್ಟ್ರೀಮಿಂಗ್ ಆ್ಯಪ್ ದಾಖಲಿಸಿಕೊಳ್ಳಬಲ್ಲದು. ಕಾರ್ಡಿನಲ್ಲಿರುವ ಎಂಪಿ3ಗೆ ಆ ಶಕ್ತಿ ಇಲ್ಲ. ಹಳೆಯ ಕಾಲದ್ದೆಂದು ನಗುವ ಈ ಅಭ್ಯಾಸವೇ ಖಾಸಗಿತನದ ಲೆಕ್ಕದಲ್ಲಿ ಮುಂದಿದೆ.

ಪೂರ್ತಿ ದಾರಿ ಹೋಗುವವರಿಗೆ

ಎಲ್ಲರಿಗೂ ಇದು ಬೇಡ. ಆದರೆ ನಿಜವಾಗಿಯೂ ಬೇಕಾದವರು ನಮ್ಮ ನಡುವೆಯೇ ಇದ್ದಾರೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ, ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಟಿಬೆಟನ್ ನಿರಾಶ್ರಿತರ ನೆಲೆಗಳಿವೆ. 2018ರ ನವೆಂಬರಿನಿಂದ 2019ರ ಮೇವರೆಗೆ ದಲೈಲಾಮಾ ಕಚೇರಿ, ಟಿಬೆಟನ್ ಆಡಳಿತ ಮತ್ತು ಸಂಸತ್ತಿಗೆ ಸೇರಿದವರ ಫೋನುಗಳಿಗೆ ವಾಟ್ಸಾಪಿನಲ್ಲಿ ಕೊಂಡಿ ಕಳುಹಿಸಿ, ಒತ್ತಿದೊಡನೆ ಗೂಢಚಾರ ತಂತ್ರಾಂಶ ಇಳಿಸಲು ಯತ್ನಿಸಿದ್ದನ್ನು ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಬಯಲು ಮಾಡಿತು. ಅಂಥವರಿಗೆ, ಪತ್ರಕರ್ತರಿಗೆ, ಕಾಡಂಚಿನ ಹಕ್ಕಿನ ಹೋರಾಟದಲ್ಲಿರುವವರಿಗೆ ಗಟ್ಟಿ ಫೋನ್ ಶೋಕಿಯಲ್ಲ.

ಗ್ರಾಫೀನ್ ಓಎಸ್ ಹಾಕಲು ಪಿಕ್ಸೆಲ್ ಕೊಳ್ಳುವಾಗ ಸೆಕೆಂಡ್ ಹ್ಯಾಂಡ್ ಆದರೆ ಎರಡು ಪರೀಕ್ಷೆ. ಸ್ಟಾರ್-ಹ್ಯಾಶ್-06-ಹ್ಯಾಶ್ ಒತ್ತಿ ಐಎಂಇಐ ಸಂಖ್ಯೆ ತೆಗೆದು, ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಜಾಗ ಬಿಟ್ಟು ಆ ಸಂಖ್ಯೆ ಬರೆದು 14422ಕ್ಕೆ ಎಸ್‌ಎಂಎಸ್ ಮಾಡಿದರೆ ಅದು ಕದ್ದ ಫೋನೆಂದು ತಡೆಹಿಡಿದದ್ದೋ ಅಲ್ಲವೋ ಗೊತ್ತಾಗುತ್ತದೆ. ಇನ್ನೊಂದು, ಅಂಗಡಿಯಲ್ಲೇ ನಿಂತು ಇಂಟರ್‌ನೆಟ್ ಹಾಕಿ, ಅಬೌಟ್ ಫೋನ್‌ನಲ್ಲಿ ಬಿಲ್ಡ್ ನಂಬರ್ ಏಳು ಸಲ ಒತ್ತಿ, ಡೆವಲಪರ್ ಆಪ್ಷನ್ಸ್‌ನಲ್ಲಿ 'ಓಇಎಂ ಅನ್‌ಲಾಕಿಂಗ್' ಆನ್ ಆಗುತ್ತದೋ ನೋಡಿ. ಮಂಕಾಗಿ, ಒತ್ತಲಾಗದಂತಿದ್ದರೆ ಕೊಳ್ಳಬೇಡಿ. ಅಮೆರಿಕದ ವೆರೈಝನ್ ಕಂಪನಿಯಿಂದ ಬಂದ ಪಿಕ್ಸೆಲ್‌ಗಳ ಗತಿ ಹೀಗೆಯೇ. ಪಿಕ್ಸೆಲ್ 6ಎಗೆ ಭದ್ರತಾ ಅಪ್‌ಡೇಟ್ 2027ರ ಜುಲೈಗೆ ಮುಗಿಯುತ್ತದೆ, 7ಎಗೆ 2028ರ ಮೇವರೆಗೆ ಇದೆ. 8ರಿಂದ ಮುಂದಿನವಕ್ಕೆ ಬಿಡುಗಡೆಯಿಂದ ಏಳು ವರ್ಷ. ದುಡ್ಡು ಕೊಡುವುದಾದರೆ 8ಎ ಅಥವಾ ಅದರ ಮೇಲಿನದಕ್ಕೆ ಕೊಡಿ.

ಹಾಕುವುದು ಕಷ್ಟವಲ್ಲ. ಗ್ರಾಫೀನ್ ಓಎಸ್‌ನ ಅಧಿಕೃತ ತಾಣದಲ್ಲೇ ವೆಬ್ ಇನ್‌ಸ್ಟಾಲರ್ ಇದೆ. ಕ್ರೋಮ್ ಬ್ರೌಸರ್ ಇರುವ ಕಂಪ್ಯೂಟರ್, ಒಳ್ಳೆಯ ಯುಎಸ್‌ಬಿ ಕೇಬಲ್, ನಿಲ್ಲದ ಇಂಟರ್‌ನೆಟ್ ಬೇಕು. ಕರೆಂಟ್ ಹೋಗುವ ಹೊತ್ತಿನಲ್ಲಿ ಕೂರಬೇಡಿ. ಬೂಟ್‌ಲೋಡರ್ ಬೀಗ (ಬೇರೆ ವ್ಯವಸ್ಥೆ ಕೂರದಂತೆ ತಡೆಯುವ ಬೀಗ) ತೆಗೆದ ಕ್ಷಣ ಫೋನಿನಲ್ಲಿದ್ದದ್ದೆಲ್ಲ ಅಳಿಯುತ್ತದೆ. ಹೊಸ ವ್ಯವಸ್ಥೆ ಕೂತ ಮೇಲೆ ಬೀಗವನ್ನು ಮತ್ತೆ ಹಾಕಲೇಬೇಕು; ತೆರೆದು ಬಿಟ್ಟರೆ ಮಾಡಿದ ಕೆಲಸ ವ್ಯರ್ಥ. ಆಮೇಲೆ ಫೋನ್ ಆನ್ ಆಗುವಾಗ ಹಳದಿ ಎಚ್ಚರಿಕೆ ಕಾಣುತ್ತದೆ, ಅದು ಸಹಜ. ಬೇರೆ ಕಂಪನಿಯ ಫೋನಿದ್ದರೆ ಲೀನಿಯೇಜ್ ಓಎಸ್ ಎಂಬ ದಾರಿಯಿದೆ, ಆದರೆ ಅನೇಕ ಕಂಪನಿಗಳು ಬೀಗ ತೆಗೆಯಲು ಬಿಡುವುದಿಲ್ಲ, ತೆಗೆದರೂ ಮತ್ತೆ ಹಾಕಲು ಬರುವುದಿಲ್ಲ. ಹಳೆ ಫೋನಿಗೆ ಜೀವ ಕೊಡಲು ಅದು ಸರಿ, ಭದ್ರತೆಗೆ ಅದನ್ನು ಹೇಳಲಾರೆ.

ಒಳಗೆ ಬಂದ ಮೇಲೆ ಸಿಗುವ ಅನುಕೂಲಗಳಲ್ಲಿ ಎರಡು ಬಹಳ ಉಪಯೋಗದವು. ಯಾವ ಆ್ಯಪ್‌ಗಾದರೂ ಇಂಟರ್‌ನೆಟ್ಟನ್ನೇ ಕಡಿದುಹಾಕಬಹುದು. 'ಸ್ಟೋರೇಜ್ ಸ್ಕೋಪ್ಸ್' ಮೂಲಕ ಹಾಡಿನ ಆ್ಯಪ್‌ಗೆ ಹಾಡಿನ ಫೋಲ್ಡರ್ ಒಂದನ್ನೇ ತೋರಿಸಬಹುದು. ಉಳಿದದ್ದು ಇದೆ ಎಂಬುದೇ ಅದಕ್ಕೆ ಗೊತ್ತಾಗುವುದಿಲ್ಲ. ಕಾಂಟ್ಯಾಕ್ಟ್ಸ್‌ಗೂ ಇಂಥದೇ ಏರ್ಪಾಡಿದೆ. ಪ್ಲೇ ಸ್ಟೋರ್ ಬೇಕಾದರೆ ಸಾಮಾನ್ಯ ಆ್ಯಪ್‌ನಂತೆ ಹಾಕಿಕೊಳ್ಳಬಹುದು, ವಿಶೇಷ ಅಧಿಕಾರ ಅದಕ್ಕಿರುವುದಿಲ್ಲ. ಪೆನ್‌ಡ್ರೈವನ್ನು ಓಟಿಜಿ ತುಂಡಿನ ಮೂಲಕ ಚುಚ್ಚಿ ಹಾಡು ನೇರವಾಗಿ ಇಳಿಸಿಕೊಳ್ಳಬಹುದು.

ನೋವಾಗುವುದು ಬ್ಯಾಂಕಿನ ವಿಷಯದಲ್ಲಿ. ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳಲ್ಲಿ ಕೆಲವು ಗ್ರಾಫೀನ್ ಓಎಸ್ ಮೇಲೆ ಓಡುತ್ತವೆ, ಕೆಲವು ಗೂಗಲ್‌ನ ಮುದ್ರೆ ಇಲ್ಲವೆಂದು ತೆರೆದುಕೊಳ್ಳುವುದಿಲ್ಲ. ಇವತ್ತು ಓಡಿದ್ದು ಮುಂದಿನ ಅಪ್‌ಡೇಟಿಗೆ ನಿಲ್ಲಲೂಬಹುದು. ತಂಬಾಕಿನ ಹಣ, ಹಾಲಿನ ಬಟವಾಡೆ, ಕೆ.ಆರ್. ನಗರದ ಭತ್ತದ ಹಣ ಎಲ್ಲ ಬ್ಯಾಂಕ್ ಖಾತೆಗೇ ಬಂದು ಬೀಳುವ ಕಾಲ ಇದು. ಯುಪಿಐ ನೋಂದಣಿಗೆ ಬ್ಯಾಂಕಿನಲ್ಲಿ ಕೊಟ್ಟ ಸಿಮ್ ಅದೇ ಫೋನಿನಲ್ಲಿರಬೇಕು ಬೇರೆ. ಇರುವುದು ಒಂದೇ ಫೋನ್, ಅದರಲ್ಲೇ ವ್ಯವಹಾರವೆಲ್ಲ ಎನ್ನುವವರಿಗೆ ನನ್ನ ಮಾತು ಸ್ಪಷ್ಟ: ಈ ದಾರಿಗೆ ಬರಬೇಡಿ, ಮೇಲೆ ಹೇಳಿದ ಅರ್ಧ ದಾರಿ ಸಾಕು. ಎರಡು ಫೋನ್ ಇಟ್ಟುಕೊಳ್ಳಬಲ್ಲವರು, ಅಪ್‌ಡೇಟ್ ಇನ್ನೂ ಬರುತ್ತಿರುವ ಮಾಮೂಲಿ ಫೋನಿನಲ್ಲಿ ಬ್ಯಾಂಕ್ ಇಟ್ಟು, ಪಿಕ್ಸೆಲ್‌ನಲ್ಲಿ ಮಾತುಕತೆ, ಫೋಟೊ, ಕಡತ ಇಡಲಿ. ಜಿಯೊ ಸಿಮ್ ಇದ್ದರೆ ಹಳೆಯ ಫೋನನ್ನು ಬಿಡುವ ಮುನ್ನ ಹೊಸದರಲ್ಲಿ ಕರೆ ಹೋಗುತ್ತದೆಯೇ, ಬರುತ್ತದೆಯೇ ನೋಡಿ. ಜಿಯೊ ಕರೆ ವೋಲ್ಟಿ, ಅಂದರೆ 4ಜಿ ಮೂಲಕದ ಕರೆ ವ್ಯವಸ್ಥೆ, ಇಲ್ಲದೆ ನಡೆಯುವುದಿಲ್ಲ.

ಹಳೆಯ ಫೋನ್ ಏನಾಗಬೇಕು

ಊರಿಗೆ ಬೈಕಿನಲ್ಲಿ ಬಂದು ಹಳೆ ಮೊಬೈಲಿಗೆ ಪ್ಲಾಸ್ಟಿಕ್ ಡಬ್ಬ, ಪಾತ್ರೆ ಕೊಡುವವರಿಗೆ ಮಾತ್ರ ಕೊಡಬೇಡಿ. ಒಡೆದ ಫೋನಿನಲ್ಲೂ ಮಾಹಿತಿ ಇರುತ್ತದೆ, ಅದರ ಐಎಂಇಐ ನಿಮ್ಮ ಹೆಸರಿನ ಸಿಮ್ಮಿನ ಜೊತೆ ದಾಖಲಾಗಿರುತ್ತದೆ. ಮಾರಲೇಬೇಕಾದರೆ ಗೂಗಲ್ ಖಾತೆ ತೆಗೆದು, ಕಾರ್ಡ್ ಮತ್ತು ಸಿಮ್ ಬಿಚ್ಚಿ, ಫ್ಯಾಕ್ಟರಿ ರೀಸೆಟ್ ಮಾಡಿ, ಪರಿಚಯದ ಅಂಗಡಿಗೆ ರಸೀದಿ ಪಡೆದು ಕೊಡಿ. ರಿಪೇರಿಗೆ ಕೊಡುವಾಗಲೂ ಕಾರ್ಡ್ ಮನೆಯಲ್ಲಿರಲಿ. ಸ್ಯಾಮ್‌ಸಂಗ್ ಫೋನಾದರೆ 'ಮೇಂಟೆನೆನ್ಸ್ ಮೋಡ್' ಹಾಕಿ ಕೊಡಿ.

ಮಾರುವುದಕ್ಕಿಂತ ಒಳ್ಳೆಯ ಉಪಾಯವಿದೆ. ಕಾರ್ಡಿನ ಜಾಗ, ಇಯರ್‌ಫೋನ್ ತೂತು, ಎಫ್‌ಎಂ ರೇಡಿಯೊ ಮೂರೂ ಇರುವ ಫೋನ್ ಇನ್ನು ಮುಂದೆ ಸಿಗುವುದು ಕಷ್ಟ. ಅಪ್‌ಡೇಟ್ ನಿಂತ ಹಳೆಯದನ್ನು ರೀಸೆಟ್ ಮಾಡಿ, ಖಾತೆ ಹಾಕದೆ, ಮ್ಯೂಸಿಕ್ ಪ್ಲೇಯರ್ ಒಂದನ್ನೇ ಇಟ್ಟು ಮನೆಯ ಹಾಡಿನ ಪೆಟ್ಟಿಗೆ ಮಾಡಿಕೊಳ್ಳಿ. ಅದಕ್ಕೆ ಸಿಮ್ ಬೇಡ, ರೀಚಾರ್ಜ್ ಬೇಡ, ಇಂಟರ್‌ನೆಟ್ಟೂ ಬೇಡ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಮೊದಲು ಅದನ್ನು ಬದಲಿಸಿ.